ಎರಡನೇ ಸಹಿ

ಮೇಷ್ಟ್ರಿಗೆ ನಮಸ್ಕಾರ.

ನನ್ನ ಹೆಂಡತಿಯ ಮಣ್ಣಿಗೆ ಬಂದ ದಿನ ನೀವು ಮರೆತು ಬಿಟ್ಟುಹೋದ ಕೊಡೆ ನನ್ನ ಅಂಗಡಿಯಲ್ಲಿದೆ. ಆದರೆ ಬರೆಯುತ್ತಿರುವುದು ಅದಕ್ಕಲ್ಲ.

ಊರಿನ ಹೂವು, ಹುಳು, ಅಣಬೆಗಳನ್ನು ನೀವು ಬರೆದಿಡುವ ಪುಸ್ತಕದಲ್ಲಿ ಪ್ರತಿ ಸಾಲಿಗೂ ಕಣ್ಣಾರೆ ಕಂಡ ಇಬ್ಬರ ಸಹಿ ಬೇಕು. ಹನ್ನೊಂದು ವರ್ಷದಿಂದ ಅವಳ ಸಹಿಯ ಪಕ್ಕ ನನ್ನದಿದೆ. ನಾನು ಒಂದನ್ನೂ ನೋಡಿಲ್ಲ. ವಾರವೆಲ್ಲ ಭೂತಗನ್ನಡಿ ಹಿಡಿದು ಗಡಿಯಾರ ರಿಪೇರಿ ಮಾಡುವವನಿಗೆ ಭಾನುವಾರವೂ ಸಣ್ಣ ವಸ್ತು ನೋಡುವ ಕರ್ಮ ಯಾಕೆ ಅನ್ನಿಸುತ್ತಿತ್ತು. ಅವಳು ಚರಂಡಿ ಪಕ್ಕ ಕುಕ್ಕರಗಾಲಲ್ಲಿ ಕೂತು, "ರೀ, ನೋಡಿದ್ರಾ?" ಅನ್ನುತ್ತಿದ್ದಳು. ನಾನು ಕಟ್ಟೆಯ ಮೇಲೆ ಕೂತು, ಪೇಪರ್ ಇಳಿಸದೆ, "ಹೂಂ, ನೋಡ್ದೆ" ಅನ್ನುತ್ತಿದ್ದೆ.

ನನ್ನ ಸಹಿಗಳನ್ನೆಲ್ಲ ಹೊಡೆದುಹಾಕಿ. ಅವಳ ಸಾಲುಗಳನ್ನು ಮುಟ್ಟಬೇಡಿ. ನನ್ನ ಸಹಿ ಸುಳ್ಳು, ಅವಳ ಕಣ್ಣು ಸುಳ್ಳಲ್ಲ.

ಇವತ್ತು ಬೆಳಿಗ್ಗೆ ಅಂಗಡಿ ತೆಗೆಯುವಾಗ ಬೀಗ ಕೈಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ. ಮೆಟ್ಟಿಲ ಸಂದಿಯಲ್ಲಿ, ಉದುರಿದ ಎಲೆಗಳ ನಡುವೆ ಒಂದು ಅಣಬೆ ಇತ್ತು. ಅಂಗಿಯ ಗುಂಡಿಯಷ್ಟು ಅಗಲ, ಕಿತ್ತಳೆ ಬಣ್ಣ, ಅದರ ಕಾಲು ಗಡಿಯಾರದ ಮುಳ್ಳಿನಷ್ಟು ತೆಳು. ಹೆಸರು ಗೊತ್ತಿಲ್ಲ. ಅವಳನ್ನು ಕೇಳೋಣವೆಂದು ತಿರುಗಿದೆ.

ಈ ಕಾಗದದ ಹಿಂದೆ ಅದರ ಸಾಲು ಬರೆದು ಸಹಿ ಹಾಕಿದ್ದೇನೆ. ಅಣಬೆ ಎರಡು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂದು ಅವಳು ಹೇಳುತ್ತಿದ್ದ ನೆನಪು. ನಾಳೆ ಬೆಳಿಗ್ಗೆ ಕೊಡೆ ತೆಗೆದುಕೊಂಡು ಹೋಗಲು ಬನ್ನಿ. ಎರಡನೇ ಸಹಿ ನೀವೇ ಹಾಕಿ.

ಬಗ್ಗಿ ನೋಡದೆ ಮಾತ್ರ ಹಾಕಬೇಡಿ.

ಇಂತಿ,
ಗಡಿಯಾರ ರಿಪೇರಿಯವನು