ಡಬಲ್ ರೈಡ್

೬ ನವೆಂಬರ್ ೧೯೬೦, ಭಾನುವಾರ

ಡಬಲ್ ರೈಡ್ ಮಾಡಿದವರನ್ನು ಸೈಕಲ್ ಕ್ಲಬ್ಬಿನಿಂದ ತೆಗೆಯಬೇಕೆಂಬ ನಿಯಮ ಬರೆದವನು ನಾನೇ. ಕಾರ್ಯದರ್ಶಿ ಬೇರೆ. ಬೆಳಗಿನ ಸಭೆಯಲ್ಲಿ ಗಟ್ಟಿಯಾಗಿ ಓದಿಯೂ ಬಂದೆ.

ಸಂಜೆ ಅಲಮೇಲುವನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬನಶಂಕರಿ ಗುಡಿಯಿಂದ ಜಯನಗರಕ್ಕೆ ಬರುತ್ತಿದ್ದೆ. ತಿರುವಿನಲ್ಲಿ ಕ್ಲಬ್ಬಿನ ಗುಂಡಣ್ಣ ಕಂಡ. "ಇಳಿ, ಬೇಗ ಇಳಿ" ಎಂದು ಕಟ್ಟಿಕೊಂಡ ಹೆಂಡತಿಯನ್ನು ರಸ್ತೆಯಲ್ಲೇ ಇಳಿಸಿ, ಯಾರೋ ಎಂಬಂತೆ ಮುಂದೆ ತುಳಿದೆ. ಥೂ.

ಹೆಂಗಸು ಒಬ್ಬಳೇ ಎಂದು ಆ ಪುಣ್ಯಾತ್ಮ ಸೈಕಲ್ ತಳ್ಳಿಕೊಂಡು ಅವಳ ಜೊತೆ ನಮ್ಮ ಬೀದಿಯವರೆಗೂ ನಡೆದು ಬಂದ. ಗೇಟಿನಲ್ಲಿ ನನ್ನನ್ನು ಕಂಡು, "ಸಾರ್, ಇವ್ರು ನಿಮ್ಮ ಮನೆಯವ್ರಾ?" ಎಂದ.

"ಇಲ್ಲಪ್ಪ, ನಾನು ಪಕ್ಕದ ಮನೆಯವಳು" ಎಂದಳು ಅಲಮೇಲು. ಅವನು ಹೋಗುವವರೆಗೂ ಪಕ್ಕದ ಮನೆಯ ಗೇಟು ಹಿಡಿದು ನಿಂತಿದ್ದಳು.

ಊಟಕ್ಕೆ ಬಡಿಸುವಾಗ ಕೇಳಿದಳು: "ಇನ್ನೊಂದು ಸೌಟು ಹುಳಿ ಹಾಕ್ಲಾ, ಸಾರ್?"

ಅವಳು ನಗುತ್ತಿರಲಿಲ್ಲ.