ಗೋದಲಿಯಲ್ಲಿ ಅಪ್ಪನ ಎತ್ತು

ರೀ,

ಮೊದಲ ಬಸ್ಸಿಗೆ ತೆಕ್ಕಲಕೋಟೆಗೆ, ಅಪ್ಪನ ಮನೆಗೆ ಹೊರಟಿದ್ದೇನೆ. ಗಾಬರಿಯಾಗಬೇಡಿ, ಒಳ್ಳೆಯದಕ್ಕೇ.

ಹಗ್ಗಕ್ಕೆ ಹಾಕಿದ ಕ್ರಿಸ್‌ಮಸ್ ಕಾರ್ಡುಗಳನ್ನು ಈಗಲೇ ಒಂದರ ಮೇಲೊಂದು ಇಡಬೇಡಿ, ನಕ್ಷತ್ರದ ಹಳದಿ ಇನ್ನೂ ಹಸಿ ಇದೆ. ಅಚ್ಚಿನ ಸ್ಕ್ರೀನು ತೊಳೆಯದೆ ಹಾಗೇ ಮಲಗಿದ್ದೀರಿ. ಎದ್ದ ಕೂಡಲೇ ಸೀಮೆಎಣ್ಣೆ ಹಾಕಿ ಒರೆಸಿ. ನನ್ನ ಹೊಸ ಟವೆಲ್ ಮಾತ್ರ ಮುಟ್ಟಬೇಡಿ.

ಪ್ರತಿ ವರ್ಷ ಅತ್ತೆ ಬರೆಯುತ್ತಿದ್ದ ಗೋದಲಿಯ ಚಿತ್ರವನ್ನು ಈ ಸಲ ನಾನು ಬರೆದೆನಲ್ಲ, ಅದರಲ್ಲಿ ಬಾಲಯೇಸುವಿನ ಪಕ್ಕ ನಿಂತಿರುವುದು ನಮ್ಮ ಅಪ್ಪನ ಎತ್ತು. ನಿಮಗೆ ಹೇಳದೆ ನಿನ್ನೆ ಕಾರ್ಡಿನ ಫೋಟೋ ಅಪ್ಪನಿಗೆ ಕಳಿಸಿದ್ದೆ. ಚರ್ಚಿನಲ್ಲಿ ನಮ್ಮ ಮದುವೆಯಾದಾಗಿನಿಂದ ನನ್ನ ಜೊತೆ ಮಾತೇ ಬಿಟ್ಟಿದ್ದವನು ಇವತ್ತು ನಸುಕಿನಲ್ಲೇ ತಾನಾಗಿ ಫೋನ್ ಮಾಡಿದ. ಹಲೋ ಕೂಡ ಅನ್ನಲಿಲ್ಲ.

"ಲೇ ರೇಣುಕಾ, ನಮ್ಮ ಎತ್ತಿಂದು ಬಲಗಡಿ ಕೊಂಬು ಅಷ್ಟು ನೆಟ್ಟಗ ಎಲ್ಲೈತಿ? ಮರೆತುಬಿಟ್ಟೀಯೇನು?"

"ನೋಡಿ ಭಾಳ ದಿನ ಆತಲ್ಲಪ್ಪ," ಅಂದೆ.

"ಹಂಗಾದ್ರ ಬಂದು ನೋಡು."

"ಒಬ್ಬಾಕೀನ ಬರ್ಲೇನು?" ಅಂತ ಹೆದರುತ್ತಲೇ ಕೇಳಿದೆ. ಅದಕ್ಕೆ ಅಪ್ಪ, "ಅವಂಗ ನಮ್ಮನಿ ರೊಟ್ಟಿ ಸೇರತಾವೇನು?" ಅಂದ.

ರಾತ್ರಿಯೆಲ್ಲ ಅಚ್ಚು ಹಾಕಿ ಮಲಗಿದವರನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ನಾನು ಮುಂದೆ ಹೋಗಿ ಅವ್ವನ ಜೊತೆ ಒಲೆ ಮುಂದೆ ಕೂತಿರುತ್ತೇನೆ. ಊಟದ ಹೊತ್ತಿಗೆ ಬಂದುಬಿಡಿ. ಅಪ್ಪ ಮೊದಲು ಮಾತಾಡದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಸುಮ್ಮನೆ ಪಕ್ಕದಲ್ಲಿ ಕೂತು ಊಟ ಮಾಡಿ.

ರೇಣುಕಾ