ನಿಂಗ್ಯಾಕಮ್ಮ ತೊಂದ್ರೆ

ಲಕ್ಷ್ಮೀಪುರಂ, ಮೈಸೂರು

ಪ್ರಕಾಶಕರಾದ ವಾಗೀಶ ಅವರಿಗೆ ನಮಸ್ಕಾರ.

ಗುಪ್ತನಾಮದಲ್ಲಿ ನಾನು ಬರೆದ ಮಾಯಾಲೋಕದ ಕಾದಂಬರಿಯನ್ನು ನಮ್ಮತ್ತೆಯವರ ಓದುಗರ ಬಳಗ ನಿನ್ನೆ ನಮ್ಮ ಮನೆಯಲ್ಲೇ ಚರ್ಚಿಸಿತು. ನಾನು ಕಾಫಿ ಕೊಡುತ್ತಿದ್ದೆ. ಭಾಷೆ ಸೊಗಸಾಗಿದೆ ಎಂದರು ಒಬ್ಬರು. ಕೋಟೆಯೊಳಗೇ ಕೊಳೆಯುವ ರಾಜಕುಮಾರಿ ಬರೀ ಪೆದ್ದಿ ಎಂದರು ಇನ್ನೊಬ್ಬರು.

"ಕಾವಲಿನ ರಾಕ್ಷಸಿ ಎಷ್ಟು ಒಳ್ಳೇವ್ಳು ಕಣ್ರೀ. 'ನಿಂಗ್ಯಾಕಮ್ಮ ತೊಂದ್ರೆ' ಅಂತ ಹೊರಗಿನ ಕೆಲಸಾನೆಲ್ಲ ತಾನೇ ಮಾಡ್ತಾಳೆ" ಎಂದರು ಅತ್ತೆ. ಅದು ತಮ್ಮದೇ ಮಾತೆಂದು ಅವರಿಗೆ ಹೊಳೆಯಲಿಲ್ಲ.

ಲೇಖಕಿಯನ್ನು ಮುಂದಿನ ಸಭೆಗೆ ಕರೆಯುವ ಪತ್ರವನ್ನು ಅತ್ತೆ ನಿಮ್ಮ ವಿಳಾಸಕ್ಕೆ ಈಗ ನನ್ನಿಂದಲೇ ಬರೆಸಿದ್ದಾರೆ. ಅಂಚೆಗೆ ನಾನೇ ಹಾಕಿ ಬರುತ್ತೇನೆಂದೆ. "ನಿಂಗ್ಯಾಕಮ್ಮ ತೊಂದ್ರೆ" ಎಂದು ಚಪ್ಪಲಿ ಮೆಟ್ಟಿ ಕಾಯುತ್ತಿದ್ದಾರೆ. ಅದಕ್ಕೇ ಈ ಚೀಟಿಯನ್ನೂ ಅದೇ ಕವರಿಗೆ ಸೇರಿಸುತ್ತಿದ್ದೇನೆ.

ಲೇಖಕಿ ಮನೆಯಿಂದ ಹೊರಗೆ ಹೋಗುವುದಿಲ್ಲವೆಂದು ದಯವಿಟ್ಟು ಅತ್ತೆಯವರಿಗೆ ಉತ್ತರ ಬರೆಯಿರಿ. ಅದೇನೂ ಸುಳ್ಳಲ್ಲ.

ನಿಮಗೊಬ್ಬರಿಗೇ ಗೊತ್ತಿರುವ,
ಸಮನ್ವಿತಾ